ಡ್ರಾಯರ್ ಎಷ್ಟೆಂದು ಬೇಡ, ತಗಡು ಎಷ್ಟು ದಪ್ಪವೆಂದು ಹೇಳಲಿ

ಮಾನ್ಯ ಸಂಪಾದಕರೇ,

ಮನೆಯ ಗ್ಯಾರೇಜಿಗೆ ಟೂಲ್ ಚೆಸ್ಟ್ (ಸ್ಪ್ಯಾನರ್, ಸುತ್ತಿಗೆಯಂಥ ಸಾಮಾನಿಡುವ, ಚಕ್ರವಿರುವ ತಗಡಿನ ಪೆಟ್ಟಿಗೆ) ಕೊಳ್ಳಲು ಹೊರಟವರಿಗೆ ಜಾಹೀರಾತಿನಲ್ಲಿ ಮೊದಲು ಕಾಣುವುದು ಡ್ರಾಯರ್‌ಗಳ ಸಂಖ್ಯೆ. ಅದರ ಪಕ್ಕದಲ್ಲಿ, ಒಟ್ಟು ಇಷ್ಟು ಕಿಲೋ ಹೊರುತ್ತದೆ ಎಂಬ ದೊಡ್ಡ ಅಂಕಿ. ತಗಡು ಎಷ್ಟು ಮಿಲಿಮೀಟರ್ ದಪ್ಪ, ಒಂದೊಂದು ಡ್ರಾಯರಿನ ಚಾನೆಲ್ (ಡ್ರಾಯರ್ ಜಾರುವ ಬದಿಯ ಹಳಿ) ಎಷ್ಟು ತೂಕ ತಡೆಯುತ್ತದೆ, ಒಂದು ಚಕ್ರದ ಮೇಲೆ ಎಷ್ಟು ಭಾರ ಬಿಡಬಹುದು ಎಂಬ ಮೂರು ವಿವರಗಳನ್ನು ಮಾತ್ರ ಬಹಳ ಸಲ ಹುಡುಕಿದರೂ ಸಿಗುವುದಿಲ್ಲ. ಪೆಟ್ಟಿಗೆ ವರ್ಷಗಟ್ಟಲೆ ಬಾಳುತ್ತದೋ, ಬೇಗನೆ ಜೋತುಬಿದ್ದು ಡ್ರಾಯರ್ ಎಳೆಯಲಾಗದಂತಾಗುತ್ತದೋ ಎಂಬುದನ್ನು ತೀರ್ಮಾನಿಸುವುದು ಈ ಮೂರೇ.

ತೀರಾ ಅಗ್ಗದ ಪೆಟ್ಟಿಗೆಯ ದೌರ್ಬಲ್ಯ ಮುಟ್ಟಿದ ಕೂಡಲೇ ಗೊತ್ತಾಗುತ್ತದೆ. ವೃತ್ತಿಪರ ವರ್ಕ್‌ಶಾಪ್‌ಗಳಿಗೆಂದು ಮಾಡಿದ ದುಬಾರಿ ಪೆಟ್ಟಿಗೆಗಳಲ್ಲಿ ಹೆಚ್ಚಿನ ವಿವರ ಬರೆದೇ ಇರುತ್ತದೆ. ಗೊಂದಲವಿರುವುದು ನಡುವಿನ ಬೆಲೆಯಲ್ಲಿ. ಒಂದೇ ಬಣ್ಣ, ಒಂದೇ ಅಳತೆ, ಒಂದೇ ಬಗೆಯ ಹಿಡಿಕೆ ಇರುವ ಎರಡು ಪೆಟ್ಟಿಗೆಗಳ ಒಳಗಿನ ಕೆಲಸದಲ್ಲಿ ಅಜಗಜಾಂತರ ಇರಬಹುದು. ಆದ್ದರಿಂದ ಕೊಳ್ಳುವ ಮೊದಲು ಏನನ್ನು ಅಳೆಯಬೇಕು, ಏನನ್ನು ಕೇಳಬೇಕು ಎಂಬುದನ್ನು ಓದುಗರ ಗಮನಕ್ಕೆ ತರಲು ಈ ಪತ್ರ.

ತಗಡಿನ ದಪ್ಪವನ್ನು ಗೇಜ್‌ನಲ್ಲಿ ಹೇಳುವ ರೂಢಿ ಇದೆ. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳು. 18 ಗೇಜ್ ಎಂದರೆ ಸುಮಾರು 1.2 ಮಿ.ಮೀ., 20 ಗೇಜ್ ಸುಮಾರು 0.9 ಮಿ.ಮೀ. ಅಲ್ಲಿಂದ ಮುಂದೆ ಲೆಕ್ಕ ಕವಲೊಡೆಯುತ್ತದೆ: ಬ್ರಿಟಿಷ್ ಪದ್ಧತಿಯಲ್ಲಿ 24 ಗೇಜ್ ಅಂದರೆ 0.56 ಮಿ.ಮೀ., ಅಮೆರಿಕದ ಉಕ್ಕಿನ ತಗಡಿನ ಪದ್ಧತಿಯಲ್ಲಿ 0.61 ಮಿ.ಮೀ. ಹಾಗಾಗಿ ಗೇಜ್ ಕೇಳಿ ಸುಮ್ಮನಾಗದೆ ಮಿಲಿಮೀಟರ್ ಲೆಕ್ಕವನ್ನೇ ಕೇಳಬೇಕು. ಬಾಗದೆ ನಿಲ್ಲುವ ಗುಣ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 0.6 ಮಿ.ಮೀ. ಬದಲು 0.9 ಮಿ.ಮೀ. ಹಾಕಿದರೆ ತೂಕ ಒಂದೂವರೆ ಪಟ್ಟು, ಗಡುಸುತನ ಮಾತ್ರ ಮೂರು ಪಟ್ಟಿಗೂ ಹೆಚ್ಚು. ಮನೆಯ ಬಳಕೆಗೆ ಮೈತಗಡು 0.9ರಿಂದ 1 ಮಿ.ಮೀ., ಡ್ರಾಯರ್‌ಗಳು 0.8ಕ್ಕೆ ಕಡಿಮೆಯಿಲ್ಲದೆ, ಚಕ್ರ ಕೂರುವ ತಳದ ಚೌಕಟ್ಟು 1.2 ಅಥವಾ ಅದಕ್ಕೂ ಮೇಲೆ ಇದ್ದರೆ ಒಳ್ಳೆಯದು. ಅಂಚುಗಳನ್ನು ಹೇಗೆ ಮಡಚಿದ್ದಾರೆ ಎಂಬುದೂ ಮುಖ್ಯ. ಡ್ರಾಯರಿನ ಬದಿಯ ತಗಡನ್ನು ಒಂದು ಸುತ್ತು ಮಡಚಿ ಒಳಕ್ಕೆ ಒತ್ತಿದ್ದರೆ ಕೈಯೂ ಕೊಯ್ಯುವುದಿಲ್ಲ, ಡ್ರಾಯರೂ ತಿರುಚಿಕೊಳ್ಳುವುದಿಲ್ಲ.

ಚಾನೆಲ್ ವಿಷಯಕ್ಕೆ ಬಂದರೆ, ನಡುವಿನ ಬೆಲೆಯ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಉಕ್ಕಿನ ಗೋಲಿಗಳ ಮೇಲೆ ಜಾರುವ ಬಾಲ್ ಬೇರಿಂಗ್ ಚಾನೆಲ್ ಇದೆ ಎಂದೇ ಹೇಳಿಕೊಳ್ಳುತ್ತವೆ. ಅಷ್ಟು ಸಾಲದು. ಜೋಡಿಗೆ ಎಷ್ಟು ಕಿಲೋ, ಡ್ರಾಯರ್ ಪೂರ್ತಿ ಹೊರಬರುತ್ತದೋ ಮುಕ್ಕಾಲು ಭಾಗ ಮಾತ್ರವೋ ಎಂದು ಕೇಳಬೇಕು. ಮುಕ್ಕಾಲು ಬರುವ ಚಾನೆಲ್ ಆದರೆ ಹಿಂದಿನ 100 ಮಿ.ಮೀ. ಜಾಗದಲ್ಲಿಟ್ಟ ಸಾಮಾನು ಅಲ್ಲೇ ಮರೆತುಹೋಗುತ್ತದೆ. ಸಾಧಾರಣವಾಗಿ ಕಾಣುವುದು ಜೋಡಿಗೆ 45 ಕಿಲೋ ತಡೆಯುವ ಚಾನೆಲ್. ಇದು ಸಾಕೋ ಇಲ್ಲವೋ ಎಂದು ನಾವೇ ಲೆಕ್ಕ ಹಾಕಬಹುದು. ಒಳಅಳತೆ 600 ಅಗಲ, 400 ಆಳ, 50 ಮಿ.ಮೀ. ಎತ್ತರದ ಡ್ರಾಯರ್ ಅಂದರೆ 12 ಲೀಟರ್ ಜಾಗ. ಸ್ಪ್ಯಾನರ್, ಸಾಕೆಟ್ ಒತ್ತಾಗಿ ಜೋಡಿಸಿದಾಗ ಅದರಲ್ಲಿ ಶೇ 30ರಷ್ಟು ಉಕ್ಕು ತುಂಬಿತು ಎಂದುಕೊಳ್ಳಿ. ಉಕ್ಕು ಲೀಟರಿಗೆ ಸುಮಾರು 7.85 ಕಿಲೋ ತೂಗುತ್ತದೆ. ಒಟ್ಟು 28 ಕಿಲೋ ಆಯಿತು. 45 ಕಿಲೋ ಚಾನೆಲ್ ಧಾರಾಳವಾಗಿ ಸಾಕು. ಅದೇ ಲೆಕ್ಕವನ್ನು 1060 ಅಗಲ, ಅದೇ 400 ಆಳ, 75 ಎತ್ತರದ ಡ್ರಾಯರಿಗೆ ಹಾಕಿದರೆ 75 ಕಿಲೋ ಬರುತ್ತದೆ! ಅಗಲದ ಡ್ರಾಯರಿಗೂ ಚಿಕ್ಕದರ ಚಾನೆಲ್ಲನ್ನೇ ಹಾಕಿ ಮಾರುವ ಪೆಟ್ಟಿಗೆಗಳು ಕೆಡುವುದು ಇಲ್ಲೇ. ಅಗಲದ ಡ್ರಾಯರ್ ಇದ್ದರೆ ಪ್ರತಿ ಬದಿಗೂ ಎರಡೆರಡು ಚಾನೆಲ್ ಇರಬೇಕು, ಅಥವಾ ಜೋಡಿಗೆ 90 ಕಿಲೋ ತಡೆಯುವಂಥದ್ದು ಬೇಕು. ಜೊತೆಗೆ ಡ್ರಾಯರಿನ ತಳಕ್ಕೆ ಅಡ್ಡಪಟ್ಟಿ ಬೆಸೆದಿರಬೇಕು. ಇಲ್ಲದಿದ್ದರೆ ತಳ ನಡುವೆ ಬಾಗಿ ಕೆಳಗಿನ ಡ್ರಾಯರಿನ ಅಂಚಿಗೆ ಉಜ್ಜುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಚಾನೆಲ್ಲಿನ ಮೇಲೆ ಬರೆದ ಅಂಕಿ, ತೂಕ ಸಮವಾಗಿ ಹರಡಿದಾಗಿನದು. ಭಾರವಾದದ್ದೆಲ್ಲ ಮುಂದಿನ ಅಂಚಿಗೆ ಬಂದರೆ ಅಷ್ಟೇ ತೂಕಕ್ಕೆ ಚಾನೆಲ್ ಹೆಚ್ಚು ಬಾಗುತ್ತದೆ. ಸುತ್ತಿಗೆ, ಪೈಪ್ ವ್ರೆಂಚ್‌ನಂಥ ಭಾರದ ಸಾಮಾನುಗಳನ್ನು ಡ್ರಾಯರಿನ ಹಿಂಭಾಗಕ್ಕೆ ಇಡುವುದು ಲೇಸು.

ಅಳತೆಯಲ್ಲಿ ಬಹಳ ಜನ ಮೋಸಹೋಗುವುದು ಹೊರಅಳತೆ ನೋಡಿ. ಹೊರಗೆ 660 ಮಿ.ಮೀ. ಅಗಲದ ಪೆಟ್ಟಿಗೆಯಲ್ಲಿ ಡ್ರಾಯರಿನ ಒಳಅಗಲ 570ರ ಆಸುಪಾಸು ಸಿಗುತ್ತದೆ. ಎರಡು ಬದಿಯ ಚಾನೆಲ್ಲುಗಳೇ ಸುಮಾರು 25 ಮಿ.ಮೀ. ತಿನ್ನುತ್ತವೆ, ಉಳಿದದ್ದು ಮೂಲೆಗಂಬ ಮತ್ತು ಮಡಿಕೆಗಳಿಗೆ ಹೋಗುತ್ತದೆ. ಬೋಲ್ಟನ್ನು ಬೇಕಾದಷ್ಟೇ ಅಳೆದು ಬಿಗಿಯುವ, ಅರ್ಧ ಇಂಚು ಡ್ರೈವಿನ (ಸಾಕೆಟ್ ಕೂರುವ ಚೌಕ ತುದಿಯ) ಟಾರ್ಕ್ ವ್ರೆಂಚ್ 450ರಿಂದ 600 ಮಿ.ಮೀ.ವರೆಗೆ ಉದ್ದವಿರುತ್ತದೆ. ನಿಮ್ಮಲ್ಲಿರುವ ಅತಿ ಉದ್ದದ ಸಾಮಾನನ್ನು ಅಳೆದುಕೊಂಡೇ ಅಂಗಡಿಗೆ ಹೋಗಿ. ಎತ್ತರದ ವಿಷಯದಲ್ಲಿ 50 ಮಿ.ಮೀ. ಡ್ರಾಯರ್‌ಗಳು ಹೆಚ್ಚಿದ್ದಷ್ಟೂ ಅನುಕೂಲ. ಸ್ಪ್ಯಾನರ್, ಸ್ಕ್ರೂಡ್ರೈವರ್, ಪ್ಲೈಯರ್, ಮಾಮೂಲಿ ಸಾಕೆಟ್ ಎಲ್ಲವೂ ಒಂದೇ ಪದರದಲ್ಲಿ ಕಣ್ಣಿಗೆ ಬೀಳುತ್ತವೆ. ಅರ್ಧ ಇಂಚಿನ ಉದ್ದನೆಯ ಇಂಪ್ಯಾಕ್ಟ್ ಸಾಕೆಟ್ ಮಾತ್ರ ಸುಮಾರು 78 ಮಿ.ಮೀ. ಇರುವುದರಿಂದ ಅಲ್ಲಿ ನಿಲ್ಲದು, ಮಲಗಿಸಬೇಕು. ಬ್ಯಾಟರಿ ಡ್ರಿಲ್ ಮಲಗಿಸಿಡಲು 125ರಿಂದ 150 ಮಿ.ಮೀ. ಎತ್ತರದ ಡ್ರಾಯರ್ ಒಂದೆರಡಾದರೂ ಬೇಕು. ಎತ್ತರ ಹೆಚ್ಚಿರುವ ಡ್ರಾಯರ್‌ಗಳೇ ತುಂಬಿದ ಪೆಟ್ಟಿಗೆಯಲ್ಲಿ ಸಾಮಾನು ಒಂದರ ಮೇಲೊಂದು ರಾಶಿ ಬಿದ್ದು, ಬೇಕಾದದ್ದು ಯಾವಾಗಲೂ ತಳದಲ್ಲೇ ಇರುತ್ತದೆ.

ಇಡುವ ಜಾಗವನ್ನೂ ಅಳೆಯಿರಿ. ಪೆಟ್ಟಿಗೆಯ ಆಳ 450, ಪೂರ್ತಿ ಎಳೆದ ಡ್ರಾಯರ್ ಇನ್ನೊಂದು 400–450, ಮುಂದೆ ನಿಲ್ಲುವವರಿಗೆ 600 ಮಿ.ಮೀ. ಗೋಡೆಯಿಂದ ಒಂದೂವರೆ ಮೀಟರ್ ಖಾಲಿ ಬೇಕಾಯಿತು. ಕಾರು ಒಳಗೆ ನಿಂತಿರುವಾಗ ಅಷ್ಟು ಜಾಗ ಇರುತ್ತದೆಯೇ ನೋಡಿಕೊಳ್ಳಿ.

ಈಗ ಎಲ್ಲಕ್ಕಿಂತ ಗಂಭೀರವಾದ ಮಾತು: ಪೆಟ್ಟಿಗೆ ಮುಂದಕ್ಕೆ ಮಗುಚುವುದು. ಇದು ಅಪರೂಪದ ದುರದೃಷ್ಟವಲ್ಲ, ಸರಳ ಗಣಿತ. 450 ಮಿ.ಮೀ. ಆಳದ ಪೆಟ್ಟಿಗೆಯ ಮುಂದಿನ ಚಕ್ರಗಳು ಅಂಚಿನಿಂದ 50 ಮಿ.ಮೀ. ಒಳಗಿರುತ್ತವೆ ಎನ್ನೋಣ. ಪೆಟ್ಟಿಗೆಯ ಮೈ ಮತ್ತು ಮುಚ್ಚಿದ ಡ್ರಾಯರ್‌ಗಳು ಸೇರಿ 60 ಕಿಲೋ ಇದ್ದರೆ, ಆ ಭಾರದ ನಡು ಚಕ್ರದಿಂದ 175 ಮಿ.ಮೀ. ಹಿಂದಿರುತ್ತದೆ. ಹಿಡಿದು ನಿಲ್ಲಿಸುವ ಬಲ (ತೂಕ ಗುಣಿಸು ದೂರ) 60 ಗುಣಿಸು 175, ಅಂದರೆ 10,500. 40 ಕಿಲೋ ತುಂಬಿದ ಒಂದು ಡ್ರಾಯರನ್ನು ಪೂರ್ತಿ ಎಳೆದರೆ ಅದರ ನಡು ಚಕ್ರದಿಂದ 250 ಮಿ.ಮೀ. ಮುಂದೆ ಬರುತ್ತದೆ, ಮಗುಚಿಸುವ ಬಲ 10,000. ಒಂದೇ ಡ್ರಾಯರಿಗೆ ಪೆಟ್ಟಿಗೆ ಅಂಚಿನಲ್ಲಿ ನಿಂತಿದೆ. ಅದರ ಮೇಲೆ ಕೈ ಊರಿದರೆ, ಅಥವಾ 10 ಕಿಲೋದ ಇನ್ನೊಂದು ಡ್ರಾಯರ್ ಎಳೆದರೆ, ಮುಂದಕ್ಕೆ ಬೀಳುತ್ತದೆ. ಮಕ್ಕಳು ಓಡಾಡುವ ಮನೆಯಲ್ಲಿ ನೂರು ಕಿಲೋ ಉಕ್ಕು ಮೈಮೇಲೆ ಬೀಳುವುದೆಂದರೆ ಏನೆಂದು ವಿವರಿಸಬೇಕಿಲ್ಲ. ಒಂದು ಡ್ರಾಯರ್ ತೆರೆದಿದ್ದಾಗ ಇನ್ನೊಂದು ತೆರೆಯದಂತೆ ತಡೆಯುವ ವ್ಯವಸ್ಥೆ ಕೆಲವು ಪೆಟ್ಟಿಗೆಗಳಲ್ಲಿ ಇರುತ್ತದೆ. ಅದಿದ್ದರೆ ಸ್ವಲ್ಪ ಹೆಚ್ಚು ಹಣ ಕೊಡುವುದರಲ್ಲಿ ತಪ್ಪಿಲ್ಲ. ಇಲ್ಲದಿದ್ದರೆ ಭಾರದ ಸಾಮಾನು ಕೆಳಗಿನ ಡ್ರಾಯರ್‌ಗಳಿಗೆ ಹೋಗಲಿ, ತುಂಬುವಾಗ ಕೆಳಗಿನಿಂದ ಶುರುಮಾಡಿ, ಖಾಲಿ ಮಾಡುವಾಗ ಮೇಲಿನಿಂದ. ಸರಿಸಾಡದೆ ಒಂದೇ ಕಡೆ ನಿಲ್ಲುವ ಪೆಟ್ಟಿಗೆಯಾದರೆ ಹಿಂಬದಿಯ ಚೌಕಟ್ಟಿಗೆ ಎಲ್ ಆಕಾರದ ಪಟ್ಟಿ ಹಾಕಿ ಗೋಡೆಗೆ ಆಂಕರ್ ಬೋಲ್ಟ್ ಬಿಗಿಯುವುದು ಅತಿ ಸುರಕ್ಷಿತ. ಕೆಳಪೆಟ್ಟಿಗೆಯ ಮೇಲೆ ಇನ್ನೊಂದು ಚೆಸ್ಟ್ ಕೂರಿಸುವವರು ಎರಡನ್ನೂ ಬೋಲ್ಟ್ ಹಾಕಿ ಸೇರಿಸಲೇಬೇಕು. ಬರೀ ತೂಕದಿಂದಲೇ ನಿಲ್ಲುತ್ತದೆ ಎಂದು ನಂಬಬಾರದು.

ಒಟ್ಟು ಇಷ್ಟು ಕಿಲೋ ಹೊರುತ್ತದೆ ಎಂಬ ಜಾಹೀರಾತಿನ ಅಂಕಿಯನ್ನು ಚಕ್ರಗಳ ಜೊತೆ ತಾಳೆ ನೋಡಬೇಕು. ಒಂಬತ್ತು ಡ್ರಾಯರ್‌ಗಳ 45 ಕಿಲೋ ಕೂಡಿಸಿ 405 ಕಿಲೋ ಎಂದು ಬರೆದುಬಿಡುತ್ತಾರೆ. ನೆಲ ಸಮವಿಲ್ಲದಾಗ ನಾಲ್ಕರಲ್ಲಿ ಒಂದು ಚಕ್ರದ ಮೇಲೆ ಭಾರ ಬೀಳುವುದಿಲ್ಲ. ಆದ್ದರಿಂದ ಬಲ್ಲವರು ಮೂರೇ ಚಕ್ರದ ಲೆಕ್ಕ ಹಾಕುತ್ತಾರೆ. ಒಂದು ಚಕ್ರ 100 ಕಿಲೋ ತಡೆದರೆ ಒಟ್ಟು 300. ಪೆಟ್ಟಿಗೆಯ ಸ್ವಂತ ತೂಕ 70 ಕಳೆದರೆ ಸಾಮಾನಿಗೆ ಉಳಿಯುವುದು 230 ಕಿಲೋ. ಚಕ್ರದ ವ್ಯಾಸ 125 ಮಿ.ಮೀ. ಇದ್ದರೆ ನೆಲದ ಸೀಳು, ಬಾಗಿಲಿನ ಹೊಸ್ತಿಲು ಸಲೀಸಾಗಿ ದಾಟುತ್ತದೆ; 75ರದು ಸಿಕ್ಕಿಕೊಳ್ಳುತ್ತದೆ. ಪಾಲಿಯುರಿಥೇನ್ ಹೊದಿಕೆಯ ಚಕ್ರ ಒಳ್ಳೆಯದು. ಮೆತ್ತನೆಯ ರಬ್ಬರಿನದು ತಿಂಗಳುಗಟ್ಟಲೆ ಭಾರ ಹೊತ್ತು ನಿಂತಲ್ಲೇ ಚಪ್ಪಟೆಯಾಗುತ್ತದೆ, ಗಟ್ಟಿ ಪ್ಲಾಸ್ಟಿಕ್ಕಿನದು ಕಾಂಕ್ರೀಟಿನ ಮೇಲೆ ವಿಪರೀತ ಸದ್ದು ಮಾಡುತ್ತದೆ. ತಿರುಗುವ ಎರಡು ಚಕ್ರಗಳಿಗೂ ಬ್ರೇಕ್ ಇರಲಿ. ಉರುಳುವುದನ್ನೂ ತಿರುಗುವುದನ್ನೂ ಒಟ್ಟಿಗೆ ಹಿಡಿಯುವಂಥದ್ದಾದರೆ ಉತ್ತಮ.

ಅಂಗಡಿಯಲ್ಲಿ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಅತಿ ಅಗಲದ ಡ್ರಾಯರನ್ನು ಪೂರ್ತಿ ಎಳೆದು ಒಂದೇ ಮೂಲೆಯಿಂದ ಒಳಕ್ಕೆ ತಳ್ಳಿ. ಓರೆಯಾಗಿ ಸಿಕ್ಕಿಕೊಂಡರೆ ಚಾನೆಲ್ ಸಡಿಲ ಅಥವಾ ಮೈ ನೆಟ್ಟಗಿಲ್ಲ. ಪೆಟ್ಟಿಗೆಯ ಎದುರು ಮುಖದ ಎರಡೂ ಕರ್ಣಗಳನ್ನು ಟೇಪಿನಲ್ಲಿ ಅಳೆಯಿರಿ, 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬೇರೆ ಪೆಟ್ಟಿಗೆ ತೋರಿಸಲು ಹೇಳಿ. ಹಿಂದಿನ ತಗಡನ್ನು ಅಂಗೈಯಿಂದ ಒತ್ತಿದಾಗ ಡಬ್ ಎಂದು ಒಳಸರಿದು ಮತ್ತೆ ಹೊರಬಂದರೆ ತೆಳು ಎಂದೇ ಅರ್ಥ. ಒಂದು ಡ್ರಾಯರ್ ಬಿಚ್ಚಿಸಿ ಒಳಗೆ ಟಾರ್ಚ್ ಹಾಕಿ ನೋಡಿ: ಚಾನೆಲ್ ಬರೀ ಬದಿಯ ತಗಡಿಗೆ ಸಿಕ್ಕಿಸಿದೆಯೋ, ಮೂಲೆಯ ಕಂಬಕ್ಕೆ ಕೂತಿದೆಯೋ? ಕಂಬಕ್ಕೆ ಕೂತದ್ದೇ ಬೇಕು.

ಬೀಗದಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಈ ಬೆಲೆಯಲ್ಲಿ ಅದು ಮಕ್ಕಳ ಕೈ ತಡೆಯಲು, ಕಳ್ಳನನ್ನಲ್ಲ. ಕೀಲಿಯ ಮೇಲಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಮೊಬೈಲ್ ಚಾರ್ಜ್ ಮಾಡುವ ಕಿಂಡಿ, ಬಣ್ಣದ ದೀಪ ಇತ್ಯಾದಿಗಳಿಗೆ ಹಣ ಕೊಡುವ ಬದಲು ಅದೇ ಹಣದಲ್ಲಿ ದಪ್ಪ ತಗಡು ಕೊಳ್ಳುವುದು ವಿವೇಕ.

ಪೌಡರ್ ಕೋಟಿಂಗ್ (ಪುಡಿ ಬಣ್ಣವನ್ನು ಕಾಯಿಸಿ ಹಿಡಿಸಿದ ಲೇಪ) ಚೆನ್ನಾಗಿದ್ದರೂ ತುಕ್ಕು ಶುರುವಾಗುವುದು ಕತ್ತರಿಸಿದ ಅಂಚು ಮತ್ತು ಸ್ಪಾಟ್ ವೆಲ್ಡ್‌ಗಳಲ್ಲಿ. ಬ್ರೇಕ್ ಆಯಿಲ್ ಬಿದ್ದರೆ ಬಣ್ಣ ಏಳುತ್ತದೆ, ತಕ್ಷಣ ಒರೆಸಿ ನೀರಿನಲ್ಲಿ ತೊಳೆಯಬೇಕು. ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿಯನ್ನು ಪೆಟ್ಟಿಗೆ ಇರುವ ಕೋಣೆಯಲ್ಲೇ ಇಡಬೇಡಿ. ಮುಚ್ಚಳ ಬಿಗಿಯಾಗಿದ್ದರೂ ಸೋರುವ ಆವಿ ಮುಚ್ಚಿದ ಡ್ರಾಯರಿನೊಳಗಿನ ಸ್ಪ್ಯಾನರ್‌ಗಳನ್ನೂ ಕೆಂಪಾಗಿಸುತ್ತದೆ. ಡ್ರಾಯರಿನ ತಳಕ್ಕೆ ಹಾಸುವ ಶೀಟನ್ನು ಅಂಟಿಸದೆ ಸುಮ್ಮನೆ ಹಾಸಿದರೆ ಅಡಿಯಲ್ಲಿ ಸೇರಿದ ತೇವ ಆಗಾಗ ಒರೆಸಬಹುದು.

ಡ್ರಾಯರ್ ಪೂರ್ತಿ ಮುಚ್ಚದೆ ಎರಡು ಮೂರು ಸೆಂಟಿಮೀಟರ್ ಹೊರಗೇ ನಿಂತರೆ ಚಾನೆಲ್ ಹಾಳಾಯಿತೆಂದು ತಿಳಿಯಬೇಡಿ. ಹೆಚ್ಚಿನ ಸಲ ಗೋಲಿಗಳ ಪಟ್ಟಿ ಜಾಗ ಬಿಟ್ಟು ಸರಿದಿರುತ್ತದೆ. ಡ್ರಾಯರನ್ನು ಕೊನೆಯವರೆಗೆ ಎಳೆದು ಒಮ್ಮೆ ಬಿಗಿಯಾಗಿ ತಳ್ಳಿದರೆ ಅದು ತನ್ನ ಜಾಗಕ್ಕೆ ಹೋಗುತ್ತದೆ. ಬಿಚ್ಚುವಾಗ ಎರಡೂ ಬದಿಯ ಪ್ಲಾಸ್ಟಿಕ್ ನಾಲಿಗೆಗಳನ್ನು, ಸಾಮಾನ್ಯವಾಗಿ ಒಂದನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ಒತ್ತಬೇಕು. ಮತ್ತೆ ಹಾಕುವಾಗ ಗೋಲಿಗಳ ಪಟ್ಟಿಯನ್ನು ಚಾನೆಲ್ಲಿನ ಮುಂದಿನ ತುದಿಗೆ ಎಳೆದಿಟ್ಟುಕೊಂಡೇ ಡ್ರಾಯರ್ ತೂರಿಸಿ. ಇಲ್ಲದಿದ್ದರೆ ಪಟ್ಟಿ ನಜ್ಜಾಗಿ ಗೋಲಿಗಳು ಉದುರುತ್ತವೆ. ಗ್ರೈಂಡರ್ ಪುಡಿ ಹಿಡಿದ ಚಾನೆಲ್ಲಿಗೆ ತೆಳು ಸ್ಪ್ರೇ ಎಣ್ಣೆ ಹೊಡೆದರೆ ಇದ್ದ ಗ್ರೀಸೂ ತೊಳೆದುಹೋಗುತ್ತದೆ. ಬಟ್ಟೆಗೆ ಸೀಮೆಎಣ್ಣೆ ಮುಟ್ಟಿಸಿ ಪುಡಿ ಒರೆಸಿ, ಒಣಗಿದ ಮೇಲೆ ಲಿಥಿಯಂ ಗ್ರೀಸನ್ನು ತೆಳ್ಳಗೆ ಸವರಬೇಕು.

ಬಿಡಿಭಾಗದ ಪ್ರಶ್ನೆ ಕೊಳ್ಳುವ ದಿನವೇ ಕೇಳಬೇಕಾದದ್ದು. ಪೀಠೋಪಕರಣದ ಚಾನೆಲ್ಲುಗಳು 45 ಮಿ.ಮೀ. ಎತ್ತರದಲ್ಲಿ, 50 ಮಿ.ಮೀ. ಏರಿಕೆಯ ಉದ್ದಗಳಲ್ಲಿ ಎಲ್ಲೆಡೆ ಸಿಗುತ್ತವೆ. ಆದರೆ ಟೂಲ್ ಚೆಸ್ಟ್‌ಗಳಲ್ಲಿ ಅನೇಕ ತಯಾರಕರು ತಮ್ಮದೇ ಕೊಕ್ಕೆಯ ಚಾನೆಲ್ ಹಾಕುವುದರಿಂದ ಹೊರಗಿನದು ಕೂರುವುದಿಲ್ಲ. ತಯಾರಕರಲ್ಲಿ ನಮ್ಮ ಕೋರಿಕೆ ಇಷ್ಟು: ಮೈ, ಡ್ರಾಯರ್, ತಳ ಇವುಗಳ ತಗಡಿನ ದಪ್ಪವನ್ನು ಮಿಲಿಮೀಟರಿನಲ್ಲಿ, ಪ್ರತಿ ಡ್ರಾಯರಿನ ಒಳಅಳತೆ ಮತ್ತು ಚಾನೆಲ್ ಸಾಮರ್ಥ್ಯವನ್ನು, ಒಂದು ಚಕ್ರದ ಸಾಮರ್ಥ್ಯವನ್ನು ಪೆಟ್ಟಿಗೆಯ ಮೇಲೇ ಮುದ್ರಿಸಲಿ, ಬದಲಿ ಚಾನೆಲ್ ಜೋಡಿಯನ್ನು ಬಿಡಿಯಾಗಿ ಮಾರಲಿ. ಅಲ್ಲಿಯವರೆಗೆ ಕೊಳ್ಳುವವರು ಈ ಅಂಕಿಗಳನ್ನು ಮಾರಾಟಗಾರರಿಂದ ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು.

ಇಂತಿ,
ಒಬ್ಬ ಓದುಗ