ಎರಡನೇ ಕಾರು ಬಂದಾಗ ಪಾಲಿಸಿ ಯಾರ ಹೆಸರಲ್ಲಿ?

ಮಾನ್ಯ ಸಂಪಾದಕರೇ,

ಬ್ರಿಟನ್ನಿಗೆ ಕೆಲಸಕ್ಕೆಂದು ಬಂದು ಇಲ್ಲೇ ನೆಲೆಸಿರುವ ಎಷ್ಟೋ ಕನ್ನಡ ಕುಟುಂಬಗಳು ನಿಮ್ಮ ಪತ್ರಿಕೆಯನ್ನು ಮೊಬೈಲಿನಲ್ಲಿ ಓದುತ್ತವೆ. ಇನ್ನು ಮುಂದೆ ಬರುವವರೂ ಓದುತ್ತಾರೆ. ಅವರಿಗೆ ಉಪಯೋಗವಾಗಲಿ ಅಂತ ಈ ಪತ್ರ. ವಿಷಯ ಕಾರಿನ ಇನ್ಶೂರೆನ್ಸ್. ಅದರಲ್ಲೂ ಮನೆಗೆ ಎರಡನೇ ಕಾರು ಬಂದಾಗ ನೋ ಕ್ಲೇಮ್ ಡಿಸ್ಕೌಂಟ್ (ಕ್ಲೇಮ್ ಮಾಡದೆ ಕಳೆದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ಕಡಿತ) ಏನಾಗುತ್ತದೆ, ಯಾರ ಪಾಲಿಗೆ ಹೋಗುತ್ತದೆ ಅನ್ನುವುದು. ಇದರಲ್ಲಿ ನಷ್ಟ ಆಗುತ್ತಿರುವುದು ಹೆಚ್ಚಾಗಿ ಹೆಣ್ಣುಮಕ್ಕಳಿಗೆ. ಅದಕ್ಕೇ ಬರೆಯಬೇಕು ಅನಿಸಿತು.

ಊರಲ್ಲಿ ಕಾರು ಇಟ್ಟುಕೊಂಡವರಿಗೆ ಎನ್‌ಸಿಬಿ, ಅಂದರೆ ನೋ ಕ್ಲೇಮ್ ಬೋನಸ್, ಗೊತ್ತಿರುತ್ತದೆ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಓನ್ ಡ್ಯಾಮೇಜ್ (ನಮ್ಮದೇ ಕಾರಿಗೆ ಆಗುವ ಹಾನಿಯ) ಪ್ರೀಮಿಯಂ ಮೇಲೆ ಶೇ 20, ಆಮೇಲೆ 25, 35, 45, ಕೊನೆಗೆ 50. ಅಲ್ಲಿಗೆ ಮುಗಿಯಿತು. ಇಲ್ಲಿ ಹಾಗಿಲ್ಲ. ಎಲ್ಲರಿಗೂ ಒಂದೇ ಅನ್ನುವ ಪಟ್ಟಿ ಇಲ್ಲ, ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ. ನಿಮ್ಮ ಜೊತೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ಬರುವುದು ಶೇಕಡಾವಾರು ಅಲ್ಲ, ವರ್ಷಗಳು. ಫಾರಂನಲ್ಲಿ ಕೇಳುವುದೂ ಅಷ್ಟೇ: ನಿಮಗೆ ಎಷ್ಟು ವರ್ಷದ ನೋ ಕ್ಲೇಮ್ ಇದೆ? ಆ ವರ್ಷಗಳಿಗೆ ಎಷ್ಟು ಕಡಿತ ಕೊಡಬೇಕು ಅನ್ನುವುದು ಆ ಕಂಪನಿಗೆ ಬಿಟ್ಟಿದ್ದು. ಕೆಲವರು ಐದು ವರ್ಷಕ್ಕೆ ನಿಲ್ಲಿಸುತ್ತಾರೆ, ಕೆಲವರು ಒಂಬತ್ತು ಅಥವಾ ಅದಕ್ಕಿಂತ ಜಾಸ್ತಿ ವರ್ಷದವರೆಗೂ ಎಣಿಸುತ್ತಾರೆ. ಊರಿಂದ ತಂದ ಎನ್‌ಸಿಬಿ ಪತ್ರವನ್ನು ಇಲ್ಲಿನ ಹೆಚ್ಚಿನ ಕಂಪನಿಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಸೊನ್ನೆಯಿಂದಲೇ ಶುರು ಅಂದುಕೊಂಡು ಬನ್ನಿ. ಅಂದಹಾಗೆ, ಭಾರತದ ಲೈಸೆನ್ಸಿನಲ್ಲಿ ಓಡಿಸಬಹುದಾದದ್ದು ಇಲ್ಲಿ ನೆಲೆಸಿದ ಮೇಲೆ 12 ತಿಂಗಳು ಮಾತ್ರ. ಅದರೊಳಗೆ ಇಲ್ಲಿನ ಪರೀಕ್ಷೆ ಪಾಸಾಗಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ವರ್ಷಗಳನ್ನು ಒಂದು ಸಲಕ್ಕೆ ಒಂದು ಕಾರಿಗೆ ಮಾತ್ರ ಬಳಸಬಹುದು. ನಿಮ್ಮ ಹತ್ತಿರ ಏಳು ವರ್ಷ ಇದೆ, ಅದು ಈಗಿರುವ ಕಾರಿನ ಪಾಲಿಸಿಯಲ್ಲಿ ಕೂತಿದೆ ಅಂತಿಟ್ಟುಕೊಳ್ಳಿ. ಎರಡನೇ ಕಾರು ತಗೊಂಡು ಇನ್ಶೂರೆನ್ಸ್ ಮಾಡಿಸಲು ಹೋದಾಗ ಆ ಏಳನ್ನೇ ಮತ್ತೆ ಬರೆಯುವ ಹಾಗಿಲ್ಲ. ಆ ಪ್ರಶ್ನೆಯ ಹತ್ತಿರವೇ, ಎಷ್ಟೋ ಸಲ ಸಣ್ಣ ಅಕ್ಷರದಲ್ಲಿ, ‘ಈ ಡಿಸ್ಕೌಂಟ್ ಬೇರೆ ಯಾವ ಗಾಡಿಯ ಮೇಲೂ ಬಳಕೆಯಲ್ಲಿ ಇರಬಾರದು’ ಅಂತ ಇರುತ್ತದೆ. ಅವಸರದಲ್ಲಿ ಕಣ್ಣು ಅದನ್ನು ದಾಟಿ ಹೋಗಿಬಿಡುತ್ತದೆ. ಆಮೇಲೆ ಕಂಪನಿಯವರು ಪುರಾವೆ ಕೇಳುತ್ತಾರೆ, ಹಳೇ ಕಂಪನಿಯ ರಿನ್ಯೂವಲ್ ಪತ್ರ ಕಳಿಸಬೇಕು, ಅದರಲ್ಲಿ ಆ ವರ್ಷಗಳು ಇನ್ನೊಂದು ಕಾರಿನ ನಂಬರಿನ ಎದುರು ಇರುತ್ತವೆ, ಅಲ್ಲಿಗೆ ಪ್ರೀಮಿಯಂ ಏರುತ್ತದೆ ಇಲ್ಲವೇ ಪಾಲಿಸಿಯೇ ರದ್ದಾಗುತ್ತದೆ. ಒಮ್ಮೆ ಪಾಲಿಸಿ ರದ್ದಾದರೆ ಮುಂದೆ ಹೋದಲ್ಲೆಲ್ಲ ಅದನ್ನು ಹೇಳಬೇಕು. ಹೇಳಿದ ಕಡೆಯೆಲ್ಲ ರೇಟು ಜಾಸ್ತಿ.

ಹಾಗಾದರೆ ಎರಡನೇ ಕಾರಿಗೆ ಏನೂ ಸಿಗುವುದಿಲ್ಲವೇ? ಸಿಗಬಹುದು. ಕೆಲವು ಕಂಪನಿಗಳು ಮೊದಲ ಕಾರಿನ ವರ್ಷಗಳನ್ನು ನೋಡಿ ಎರಡನೆಯದಕ್ಕೂ ಅಷ್ಟೇ ಕಡಿತ ಕೊಡುತ್ತವೆ. ಇದಕ್ಕೆ ಮಿರರಿಂಗ್ ಅನ್ನುತ್ತಾರೆ. ಇನ್ನು ಕೆಲವರು ಅಷ್ಟು ಕೊಡದಿದ್ದರೂ ಎರಡನೇ ಕಾರು ಅಂತ ಶುರುವಿನಲ್ಲೇ ಒಂದಿಷ್ಟು ಕಡಿಮೆ ಮಾಡುತ್ತಾರೆ. ಆದರೆ ಇದೆಲ್ಲ ಆ ಕಂಪನಿಯೊಳಗಿನ ವ್ಯವಹಾರ. ಮಿರರ್ ಮಾಡಿ ಕೊಟ್ಟ ವರ್ಷಗಳನ್ನು ಸಾಮಾನ್ಯವಾಗಿ ಬೇರೆ ಕಂಪನಿಗೆ ಒಯ್ಯಲು ಬರುವುದಿಲ್ಲ. ಅಲ್ಲಿಂದ ಹೊರಟಾಗ ಎರಡನೇ ಕಾರಿನ ಹೆಸರಲ್ಲಿ ನಿಜವಾಗಿ ಕ್ಲೇಮ್ ಇಲ್ಲದೆ ಕಳೆದ ವರ್ಷಗಳಷ್ಟೇ ಕೈಗೆ ಬರುತ್ತವೆ. ಎರಡು ವರ್ಷ ಓಡಿಸಿದ್ದರೆ ಎರಡು.

ಮಲ್ಟಿ ಕಾರ್ ಪಾಲಿಸಿ ತಗೊಂಡರೆ ಎಲ್ಲ ಸರಿಹೋಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಎರಡು ಮೂರು ಕಾರು ಒಂದೇ ಕಡೆ ಹಾಕಿದ್ದಕ್ಕೆ ಕೊಡುವ ರಿಯಾಯಿತಿ ಬೇರೆ, ನೋ ಕ್ಲೇಮ್ ಬೇರೆ. ಒಂದೇ ಕಟ್ಟಿನಲ್ಲಿದ್ದರೂ ಸಾಮಾನ್ಯವಾಗಿ ಪ್ರತಿ ಕಾರಿಗೂ ಅದರದೇ ನೋ ಕ್ಲೇಮ್ ಲೆಕ್ಕ ಇರುತ್ತದೆ. ಇದರಲ್ಲಿ ಒಳ್ಳೆಯದೂ ಇದೆ. ಒಂದು ಕಾರಿನ ಮೇಲೆ ಕ್ಲೇಮ್ ಆದರೆ ಇನ್ನೊಂದರ ವರ್ಷಗಳು ಸಾಮಾನ್ಯವಾಗಿ ಹಾಗೇ ಉಳಿಯುತ್ತವೆ. ಹಾಗಂತ ಆ ಇನ್ನೊಂದು ಕಾರಿನ ಪ್ರೀಮಿಯಂ ಏರುವುದಿಲ್ಲ ಅನ್ನಬೇಡಿ. ಕ್ಲೇಮ್ ಮಾಡಿದ ವ್ಯಕ್ತಿ ಆ ಕಾರನ್ನೂ ಓಡಿಸುವವರಾಗಿದ್ದರೆ, ರಿನ್ಯೂವಲ್‌ನಲ್ಲಿ ಆ ಅಪಘಾತ ಅವರ ಹೆಸರಿನ ಜೊತೆ ಅಲ್ಲಿಗೂ ಬರುತ್ತದೆ. ಮುಚ್ಚಿಡಲು ಆಗುವುದಿಲ್ಲ, ಮುಚ್ಚಿಡಲೂಬಾರದು. ಹಳೇ ಕ್ಲೇಮುಗಳನ್ನು ನೋಡಲು ಕಂಪನಿಗಳೆಲ್ಲ ಹಂಚಿಕೊಂಡು ಬಳಸುವ ಡೇಟಾಬೇಸ್ ಇದೆ.

ಇನ್ನೊಂದು ಮಾತು. ನಮ್ಮ ತಪ್ಪಿಲ್ಲದಿದ್ದರೂ ಡಿಸ್ಕೌಂಟ್ ಹೋಗಬಹುದು. ಪಾರ್ಕಿಂಗಿನಲ್ಲಿ ನಿಲ್ಲಿಸಿದ ಕಾರಿಗೆ ಯಾರೋ ಗುದ್ದಿ ಹೋದರು, ಯಾರು ಅಂತ ಗೊತ್ತಾಗಲಿಲ್ಲ. ರಿಪೇರಿಗೆ ಕೊಟ್ಟ ದುಡ್ಡು ಕಂಪನಿಗೆ ಎದುರು ಪಾರ್ಟಿಯಿಂದ ವಾಪಸ್ ಬರದಿದ್ದರೆ ಅದು ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ಒಂದು ಕ್ಲೇಮಿಗೆ ಎಲ್ಲವೂ ಸೊನ್ನೆ ಆಗಲೇಬೇಕು ಅಂತಿಲ್ಲ, ಐದು ವರ್ಷ ಇದ್ದದ್ದು ಮೂರಕ್ಕೆ ಇಳಿಯುವುದು ಸಾಮಾನ್ಯ. ಮುಂದಿನ ಗಾಜು ಒಡೆದದ್ದಕ್ಕೆ ಮಾಡುವ ಕ್ಲೇಮ್ ಹೆಚ್ಚಿನ ಪಾಲಿಸಿಗಳಲ್ಲಿ ಇದಕ್ಕೆ ಬರುವುದಿಲ್ಲ.

ನಾನು ಬರೆಯಲು ಕೂತದ್ದು ಮುಖ್ಯವಾಗಿ ಇನ್ನೊಂದು ಕಾರಣಕ್ಕೆ. ಇಲ್ಲಿನ ನಮ್ಮ ಮನೆಗಳಲ್ಲಿ ಏನಾಗುತ್ತದೆ ನೋಡಿ. ಮೊದಲ ಕಾರು ಗಂಡನ ಹೆಸರಲ್ಲಿ, ಹೆಂಡತಿ ಅದರಲ್ಲಿ ನೇಮ್ಡ್ ಡ್ರೈವರ್, ಅಂದರೆ ಗಂಡನ ಪಾಲಿಸಿಯಲ್ಲಿ ಓಡಿಸುವವಳು ಅಂತ ಹೆಸರು ಸೇರಿಸಿದವಳು. ಅದು ಸಹಜ. ಎರಡನೇ ಕಾರು ಬರುತ್ತದೆ. ಅದನ್ನು ದಿನಾ ಓಡಿಸುವವಳು ಅವಳೇ, ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಅಲ್ಲಿಂದ ಕೆಲಸಕ್ಕೆ ಹೋಗಿ ಸಂಜೆ ಸಾಮಾನು ತಗೊಂಡು ಮನೆಗೆ ಬರುವವಳು. ಆದರೂ ಪಾಲಿಸಿ ಮತ್ತೆ ಗಂಡನ ಹೆಸರಿಗೇ, ಯಾಕೆಂದರೆ ಅವರಿಗೆ ವರ್ಷಗಳಿವೆ, ಕಂಪನಿ ಮಿರರ್ ಮಾಡಿ ಕೊಡುತ್ತದೆ, ಈ ವರ್ಷ ಒಂದಿಷ್ಟು ಪೌಂಡ್ ಉಳಿಯುತ್ತದೆ. ನೇಮ್ಡ್ ಡ್ರೈವರ್ ಆಗಿ ಎಷ್ಟು ವರ್ಷ ಓಡಿಸಿದರೂ ಹೆಚ್ಚಿನ ಕಂಪನಿಗಳಲ್ಲಿ ಅವಳ ಹೆಸರಿಗೆ ಒಂದು ವರ್ಷವೂ ಜಮೆ ಆಗುವುದಿಲ್ಲ. ಆ ಅನುಭವಕ್ಕೆ ಒಂದಿಷ್ಟು ಬೆಲೆ ಕೊಡುವ ಕಂಪನಿಗಳು ಇವೆ, ಆದರೆ ಎಲ್ಲರೂ ಕೊಡುವುದಿಲ್ಲ, ಕೊಟ್ಟರೂ ಎಷ್ಟೋ ಸಲ ಅದೇ ಕಂಪನಿಯಲ್ಲಿ ಪಾಲಿಸಿ ಮಾಡಿಸಿದರೆ ಮಾತ್ರ.

ನನ್ನ ಗೆಳತಿಯೊಬ್ಬಳದು ಇದೇ ಕಥೆ. ಹತ್ತು ವರ್ಷಕ್ಕೂ ಮೇಲೆ ಒಂದು ಗೀರು ಇಲ್ಲದೆ ಓಡಿಸಿದವಳು. ಗಂಡ ತೀರಿಕೊಂಡ ಮೇಲೆ ತನ್ನ ಹೆಸರಿನಲ್ಲಿ ಪಾಲಿಸಿ ಮಾಡಿಸಲು ಫೋನ್ ಮಾಡಿದಳು. ಆ ಕಡೆಯ ಹುಡುಗ ಮರ್ಯಾದೆಯಿಂದಲೇ ಮಾತಾಡಿದ. ನೋ ಕ್ಲೇಮ್ ಎಷ್ಟು ವರ್ಷ ಅಂತ ಕೇಳಿದ. ಅವಳು ವಿವರವಾಗಿ ಹೇಳಿದಳು. ಕೀಬೋರ್ಡಿನ ಸದ್ದು ಕೇಳಿಸಿತು, ಆಮೇಲೆ ‘ಹಾಗಾದರೆ ಸೊನ್ನೆ ಅಂತ ಹಾಕುತ್ತೇನೆ’ ಅಂದ. ಗಂಡ ಅಥವಾ ಹೆಂಡತಿ ತೀರಿಕೊಂಡಾಗ ವರ್ಷಗಳನ್ನು ಉಳಿದವರಿಗೆ ಬಿಟ್ಟುಕೊಡುವ ಕಂಪನಿಗಳೂ ಇವೆ, ಹುಡುಕಿ ಕೇಳಬೇಕು. ಆದರೆ ಅಂಥ ಹೊತ್ತಿನಲ್ಲಿ ಯಾರಿಗೆ ಹುಡುಕುವ ಮನಸ್ಸಿರುತ್ತದೆ? ಬೇರೆಯಾದ ದಂಪತಿಗಳಲ್ಲೂ ಇದೇ ಪಾಡು. ವರ್ಷಗಳು ಒಬ್ಬರ ಕಡೆ, ಸೊನ್ನೆ ಇನ್ನೊಬ್ಬರ ಕಡೆ.

ಅದಕ್ಕೆ ನಾನು ಹೇಳುವುದಿಷ್ಟು. ಎರಡನೇ ಕಾರನ್ನು ಹೆಚ್ಚಾಗಿ ಓಡಿಸುವವಳು ಹೆಂಡತಿಯಾದರೆ ಪಾಲಿಸಿಯೂ ಅವಳ ಹೆಸರಿನಲ್ಲೇ ಇರಲಿ, ಗಂಡ ಅದರಲ್ಲಿ ನೇಮ್ಡ್ ಡ್ರೈವರ್ ಆಗಲಿ. ಮೊದಲ ವರ್ಷ ಸ್ವಲ್ಪ ಜಾಸ್ತಿ ಬೀಳಬಹುದು. ಎರಡು ಮೂರು ವರ್ಷದಲ್ಲಿ ಮನೆಯಲ್ಲಿ ಇಬ್ಬರ ಹತ್ತಿರವೂ ಸ್ವಂತ ವರ್ಷಗಳಿರುತ್ತವೆ. ಮಲ್ಟಿ ಕಾರ್ ಪಾಲಿಸಿಯೇ ಬೇಕು ಅನ್ನುವವರು ಪ್ರತಿ ಕಾರಿನ ಎದುರು ಯಾರ ಹೆಸರು ಬೀಳುತ್ತದೆ ಅಂತ ಮೊದಲೇ ಕೇಳಿ. ಕೆಲವು ಕಂಪನಿಗಳಲ್ಲಿ ಒಂದೊಂದು ಕಾರಿಗೆ ಒಬ್ಬೊಬ್ಬರು ಪಾಲಿಸಿಹೋಲ್ಡರ್ ಆಗಬಹುದು, ಕೆಲವದರಲ್ಲಿ ಇಡೀ ಕಟ್ಟು ಒಬ್ಬರ ಹೆಸರಿಗೇ. ನಾಳೆ ಪುರಾವೆ ಪತ್ರ ಯಾರ ಹೆಸರಿಗೆ ಬರುತ್ತದೆ ಅನ್ನುವುದು ಇದರ ಮೇಲೆ ನಿಂತಿದೆ.

ಉಲ್ಟಾ ಕೂಡ ಮಾಡಬೇಡಿ. ಈಗಷ್ಟೇ ಲೈಸೆನ್ಸ್ ಪಡೆದ ಮಗ ದಿನಾ ಓಡಿಸುವ ಕಾರನ್ನು ಅಪ್ಪನ ಹೆಸರಲ್ಲಿ ಹಾಕಿ, ಅಪ್ಪನೇ ಮೇನ್ ಡ್ರೈವರ್ ಅಂತ ಬರೆಯುವುದು ಇಲ್ಲಿ ಫ್ರಂಟಿಂಗ್ ಅನ್ನುವ ವಂಚನೆ. ಬೇಕಂತಲೇ ಸುಳ್ಳು ಹೇಳಿದ್ದರೆ ಕ್ಲೇಮ್ ಕೊಡದೆ ಪಾಲಿಸಿಯನ್ನೇ ಇಲ್ಲವೆನ್ನಲು 2012ರ ಕಾಯ್ದೆಯೊಂದು ಕಂಪನಿಗೆ ಹಕ್ಕು ಕೊಟ್ಟಿದೆ. ಎಲ್ಲರೂ ಮಾಡುತ್ತಾರೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಎರಡರಲ್ಲಿ ಒಂದು ಕಾರು ಮಾರಿದವರೂ ಗಮನಿಸಿ. ಆ ಕಾರಿನ ವರ್ಷಗಳು ಸುಮ್ನೆ ಕೂತಿದ್ದರೆ ಸಾಮಾನ್ಯವಾಗಿ ಎರಡು ವರ್ಷದಲ್ಲಿ ಹೋಗಿಬಿಡುತ್ತವೆ. ಊರಲ್ಲಾದರೆ ಎನ್‌ಸಿಬಿ ಪತ್ರಕ್ಕೆ ಮೂರು ವರ್ಷ ಇರುತ್ತದೆ, ಆ ನೆನಪಿನಲ್ಲಿ ಕೂರಬೇಡಿ. ಎರಡೂ ಕಾರಿನ ವರ್ಷಗಳನ್ನು ಕೂಡಿಸಿ, ನಾಲ್ಕಕ್ಕೆ ಮೂರು ಸೇರಿ ಏಳು ಅಂತ ಲೆಕ್ಕ ಹಾಕಲೂ ಬರುವುದಿಲ್ಲ. ಜಾಸ್ತಿ ವರ್ಷ ಇರುವುದನ್ನು ಉಳಿದ ಕಾರಿಗೆ ಹಾಕಿಕೊಳ್ಳಬಹುದೇ ಅಂತ ಕಂಪನಿಯನ್ನು ಕೇಳಿ.

ಕಂಪನಿಗಳಿಗೂ ಒಂದು ಮಾತು ಹೇಳಬೇಕು. ನೋ ಕ್ಲೇಮ್ ಪ್ರೊಟೆಕ್ಷನ್ ಅಂತ ಹೆಚ್ಚಿಗೆ ದುಡ್ಡು ತಗೊಂಡು ಮಾರುತ್ತಿದ್ದರು. ಅದು ಉಳಿಸುವುದು ವರ್ಷಗಳನ್ನು ಮಾತ್ರ, ಕ್ಲೇಮ್ ಆದ ಮೇಲೆ ಒಟ್ಟು ಪ್ರೀಮಿಯಂ ಏರುವುದನ್ನು ಅದು ತಡೆಯುವುದಿಲ್ಲ ಅನ್ನುವುದು ಜನರಿಗೆ ಗೊತ್ತಿರಲಿಲ್ಲ. ಮಾರುಕಟ್ಟೆಯ ಪೈಪೋಟಿಯ ಮೇಲೆ ಕಣ್ಣಿಡುವ ಇಲ್ಲಿನ ಸರ್ಕಾರಿ ಸಂಸ್ಥೆ ಕಾಂಪಿಟಿಷನ್ ಅಂಡ್ ಮಾರ್ಕೆಟ್ಸ್ ಅಥಾರಿಟಿ 2015ರಲ್ಲಿ ಆದೇಶ ಹೊರಡಿಸಿತು. ಪ್ರೊಟೆಕ್ಷನ್ ಮಾರುವಾಗ ಅದಕ್ಕೆ ಎಷ್ಟು ದುಡ್ಡು, ಕ್ಲೇಮ್ ಆದರೆ ವರ್ಷಗಳು ಎಷ್ಟಕ್ಕೆ ಇಳಿಯುತ್ತವೆ, ಎಷ್ಟು ವರ್ಷಕ್ಕೆ ಸರಾಸರಿ ಎಷ್ಟು ಕಡಿತ ಅನ್ನುವುದನ್ನು ಗ್ರಾಹಕರ ಮುಂದಿಡಲೇಬೇಕು ಅಂದಿತು. ಈಗ ಇಡುತ್ತಿದ್ದಾರೆ. ಹಾಗಿದ್ದ ಮೇಲೆ ಎರಡನೇ ಕಾರಿಗೂ ಯಾಕೆ ಆಗಬಾರದು? ಮಿರರ್ ಮಾಡುತ್ತೀರಾ ಇಲ್ಲವಾ, ಮಾಡಿದ ವರ್ಷಗಳು ಹೊರಗೆ ಬರುತ್ತವಾ, ಈ ಪಾಲಿಸಿಯಲ್ಲಿ ವರ್ಷಗಳು ಯಾರ ಹೆಸರಿಗೆ ಜಮೆ ಆಗುತ್ತವೆ. ಈ ಮೂರನ್ನು ಕೊಟೇಶನ್ ಪುಟದಲ್ಲೇ ದೊಡ್ಡದಾಗಿ ಬರೆದರೆ ಅವರಿಗೇನೂ ನಷ್ಟವಿಲ್ಲ. ನೇಮ್ಡ್ ಡ್ರೈವರ್ ಆಗಿ ಕಳೆದ ವರ್ಷಗಳಿಗೆ ಎಲ್ಲ ಕಂಪನಿಗಳೂ ಒಪ್ಪುವ ಒಂದು ಲೆಕ್ಕವೂ ಬರಬೇಕು.

ಅಲ್ಲಿಯವರೆಗೆ ಇವನ್ನೆಲ್ಲ ಇಮೇಲಿನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಫೋನಿನಲ್ಲಿ ಒಂದು ಹೇಳಿ ಆಮೇಲೆ ಇನ್ನೊಂದು ಮಾಡಿದರೆ ಮೊದಲು ಕಂಪನಿಗೇ ದೂರು ಕೊಡಬೇಕು. ಎಂಟು ವಾರದಲ್ಲಿ ಸರಿಹೋಗದಿದ್ದರೆ, ಅಥವಾ ಅವರ ಕೊನೆಯ ಉತ್ತರ ಒಪ್ಪಿಗೆಯಾಗದಿದ್ದರೆ, ಇಂಥ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಅಲ್ಲಿ ಒಂದು ಪೆನ್ನಿಯೂ ಕೊಡಬೇಕಾಗಿಲ್ಲ. ಕೊನೆಯ ಉತ್ತರ ಬಂದ ಆರು ತಿಂಗಳೊಳಗೆ ಹೋಗಬೇಕು ಅಷ್ಟೇ.

ಇಂತಿ,
ಇಂಗ್ಲೆಂಡಿನಲ್ಲಿರುವ ನಿಮ್ಮ ಓದುಗರಲ್ಲೊಬ್ಬಳು