ವಿನ್ಸ್ಲೋದಲ್ಲಿ ಇಳಿಯಲೇಬೇಕಿದ್ದ ಕಾಲ

ಮಕ್ಕಳಿಗೆ ರಜೆ ಬಂತು ಅಂದರೆ ಫೀನಿಕ್ಸ್ ಕನ್ನಡಿಗರ ಕಾರುಗಳು ಉತ್ತರದ ಕಡೆ ಹೊರಡುತ್ತವೆ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಕೇಳುವುದೇ ಬೇಡ. ಗ್ರ್ಯಾಂಡ್ ಕ್ಯಾನ್ಯನ್ ಆಯಿತು, ಉಲ್ಕೆ ಬಿದ್ದ ದೊಡ್ಡ ಕುಳಿ ಆಯಿತು, ಅಲ್ಲಿಂದ ಅರ್ಧ ಗಂಟೆ ಮುಂದೆ ಅರಿಜೋನಾದ ಸಣ್ಣ ಊರು ವಿನ್ಸ್ಲೋ. ಈಗಲ್ಸ್ ತಂಡದ ಹಾಡಿನಿಂದ ಪ್ರಸಿದ್ಧವಾದ ಅಲ್ಲಿನ ರಸ್ತೆ ಮೂಲೆಯಲ್ಲಿ ಒಂದು ಫೋಟೋ, ಆಮೇಲೆ ವಾಪಸ್. ಊರಂಚಿನ ವಿಮಾನ ನಿಲ್ದಾಣದ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಖಾಸಗಿ ಪುಟ್ಟ ವಿಮಾನಗಳು ಬಂದು ಹೋಗುತ್ತವೆ, ಕಾಡಿಗೆ ಬೆಂಕಿ ಬಿದ್ದರೆ ಆರಿಸುವ ವಿಮಾನಗಳು ಬರುತ್ತವೆ, ಅಷ್ಟೇ. ಟಿಕೆಟ್ ಕೊಂಡು ಹತ್ತುವ ವಿಮಾನ ಒಂದೂ ಇಲ್ಲ.

1929ರಲ್ಲಿ ಮಾತ್ರ ಇದು ದೇಶದ ಆಕಾಶ ಹೆದ್ದಾರಿಯ ಮೇಲಿದ್ದ ನಿಲ್ದಾಣ. ಟ್ರಾನ್ಸ್‌ಕಾಂಟಿನೆಂಟಲ್ ಏರ್ ಟ್ರಾನ್ಸ್‌ಪೋರ್ಟ್ ಎಂಬ ಕಂಪನಿ, ಅಟ್ಲಾಂಟಿಕ್ ಸಾಗರವನ್ನು ಒಬ್ಬರೇ ಹಾರಿ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಸಲಹೆ ಪಡೆದು, ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿಗೆ 48 ಗಂಟೆಯ ಪ್ರಯಾಣ ಶುರುಮಾಡಿತು. ಪೂರ್ತಿ ವಿಮಾನ ಅಂದುಕೊಳ್ಳಬೇಡಿ. ರಾತ್ರಿ ಪ್ರಯಾಣಿಕರನ್ನು ಹಾರಿಸುವ ಧೈರ್ಯ ಅವರಿಗಿರಲಿಲ್ಲ. ಮೊದಲ ರಾತ್ರಿ ರೈಲಿನಲ್ಲಿ ಮಲಗಿ ಒಹಾಯೋದ ಕೊಲಂಬಸ್. ಹಗಲಿಡೀ ಹಾರಿ ಒಕ್ಲಹೋಮಾದ ವೈನೋಕಾ. ಮತ್ತೆ ರೈಲು, ಮತ್ತೆ ನಿದ್ದೆ, ಬೆಳಿಗ್ಗೆ ನ್ಯೂಮೆಕ್ಸಿಕೋದ ಕ್ಲೋವಿಸ್. ಅಲ್ಲಿಂದ ಆಲ್ಬುಕರ್ಕಿ, ವಿನ್ಸ್ಲೋ, ಕಿಂಗ್‌ಮನ್ ಮುಟ್ಟಿ ಲಾಸ್ ಏಂಜಲೀಸ್. ಜುಲೈ 8ರಂದು ಪೂರ್ವಕ್ಕೆ ಹೊರಟ ಮೊದಲ ವಿಮಾನವನ್ನು ವಿನ್ಸ್ಲೋವರೆಗೆ ಸ್ವತಃ ಲಿಂಡ್‌ಬರ್ಗ್ ಓಡಿಸಿಕೊಂಡು ಬಂದರು. ನಿಲ್ದಾಣಕ್ಕೆ ಈಗ ಅವರದೇ ಹೆಸರು.

ಇಷ್ಟು ಸಣ್ಣ ಊರಿನಲ್ಲಿ ಯಾಕೆ ಇಳಿಯುತ್ತಿದ್ದರು? ಊರಿನ ಮೇಲಿನ ಪ್ರೀತಿಯಿಂದಲ್ಲ. ಮೂರು ಇಂಜಿನ್ನಿನ ಫೋರ್ಡ್ ವಿಮಾನ ಗಂಟೆಗೆ ನೂರು ಮೈಲಿಯ ಆಸುಪಾಸಿನಲ್ಲಿ ಹೋಗುತ್ತಿತ್ತು. ಕೂರುತ್ತಿದ್ದವರು ಹತ್ತು ಜನ. ಇಂಧನಕ್ಕೆ ಆಗಾಗ ಇಳಿಯಲೇಬೇಕು. ಸಾಂಟಾ ಫೆ ರೈಲ್ವೆಯ ದೊಡ್ಡ ಕೇಂದ್ರ ಮೊದಲೇ ವಿನ್ಸ್ಲೋದಲ್ಲಿತ್ತು, ಸುತ್ತ ಬಯಲು.

ಸುಖದ ಪ್ರಯಾಣವೇನೂ ಅಲ್ಲ. ಸೆಪ್ಟೆಂಬರ್ 3ರಂದು ಆಲ್ಬುಕರ್ಕಿಯಿಂದ ಪಶ್ಚಿಮಕ್ಕೆ ಹೊರಟ ವಿಮಾನ ಮೌಂಟ್ ಟೇಲರ್ ಬೆಟ್ಟಕ್ಕೆ ಅಪ್ಪಳಿಸಿತು. ಅದರಲ್ಲಿದ್ದ ಎಂಟೂ ಜನ ಸತ್ತರು. ಮುಂದಿನ ತಿಂಗಳು ಷೇರುಪೇಟೆ ಕುಸಿಯಿತು. ದುಬಾರಿ ಟಿಕೆಟ್ ಕೊಳ್ಳುವವರು ಇನ್ನೂ ಕಡಿಮೆಯಾದರು. 1930ರಲ್ಲಿ ಕಂಪನಿ ಇನ್ನೊಂದರ ಜೊತೆ ಸೇರಿಕೊಂಡಿತು. ನಮ್ಮಲ್ಲಿ ಹಿರಿಯರು ಹತ್ತಿ ಬಂದ ಟಿಡಬ್ಲ್ಯೂಎ ವಿಮಾನ ಕಂಪನಿ ಹುಟ್ಟಿದ್ದು ಹಾಗೆ.

ಎರಡನೇ ಮಹಾಯುದ್ಧದ ನಂತರವೂ ಕೆಲವು ಕಾಲ ವಿಮಾನಗಳು ಬಂದವು. ಫ್ರಾಂಟಿಯರ್ ಕಂಪನಿಯವರು ಇಂಥ ಸಣ್ಣ ಊರುಗಳನ್ನು ಮುಟ್ಟಿಕೊಂಡೇ ಹೋಗುತ್ತಿದ್ದರು. ಅಷ್ಟರಲ್ಲಿ ದೊಡ್ಡ ವಿಮಾನಗಳಿಗೆ ನಡುವೆ ಇಳಿಯುವ ಅಗತ್ಯವೇ ಉಳಿದಿರಲಿಲ್ಲ. ಆಮೇಲೆ ಇಂಟರ್‌ಸ್ಟೇಟ್ 40 ಹೆದ್ದಾರಿ ಬಂತು, ಊರೊಳಗೆ ಹಾದು ಹೋಗುತ್ತಿದ್ದ ಹಳೇ ರಸ್ತೆ ರೂಟ್ 66ರ ಕಾರುಗಳೂ ಊರ ಪಕ್ಕದಲ್ಲೇ ಹಾದು ಹೋದವು. ಇದನ್ನು ವಿನ್ಸ್ಲೋದವರ ಸೋಲು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಳ್ಳೆಯ ವಿಮಾನ ಬಂದಿದ್ದೇ ಅವರಿಗೆ ಮುಳುವಾಯಿತು. ಅದಕ್ಕೆ ಊರು ಏನು ಮಾಡಬೇಕಿತ್ತು?

ವಿಚಿತ್ರ ಏನಂದರೆ, ಅಂದು ವಿಮಾನಕ್ಕೆ ಸೋಲುತ್ತದೆ ಅಂದುಕೊಂಡಿದ್ದ ರೈಲು ಇನ್ನೂ ನಿಲ್ಲುತ್ತದೆ. ಷಿಕಾಗೋ–ಲಾಸ್ ಏಂಜಲೀಸ್ ನಡುವಿನ ಆಮ್‌ಟ್ರಾಕ್ ಗಾಡಿ ಲಾ ಪೊಸಾಡಾ ಹೋಟೆಲಿನ ಹಿಂಬದಿಯಲ್ಲೇ ಬಂದು ನಿಲ್ಲುತ್ತದೆ. 1930ರ ಆ ಹೋಟೆಲಿನಲ್ಲಿ ಊಟ ಮಾಡುವವರು ಹಾಗೇ ಒಂದು ಹತ್ತು ನಿಮಿಷ ವಿಮಾನ ನಿಲ್ದಾಣದ ಕಡೆಗೂ ಕಾರು ತಿರುಗಿಸಿ. ಫೋಟೋ ತೆಗೆದರೆ ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.