ತುಪ್ಪದಂಗ ಗಟ್ಟ್ಯಾಗೋ ಎಣ್ಣಿ, ದಾರಿ ಇಲ್ಲದ ದೇಶ

ಸಂಪಾದಕರಿಗೆ ನಮಸ್ಕಾರ್ರಿ,

ಡೀಸೆಲ್ ರೇಟ್ ಏರಿದಾಗೊಮ್ಮೆ ಹುಬ್ಬಳ್ಳಿ ಎಪಿಎಂಸಿ ಮುಂದಿನ ಚಹಾದಂಗಡ್ಯಾಗ ಎಲ್ಲಾರೂ ಸರ್ಕಾರಕ್ಕ ಬೈತಾರ, ಆದ್ರ ಎಣ್ಣಿ ಬಾವಿಯಿಂದ ಸಮುದ್ರದ ತನಕ ಹೆಂಗ ಬರತದ ಅನ್ನೋದು ಯಾರಿಗೂ ಬ್ಯಾಡಾಗೇದ. ಉಗಾಂಡಾಕ್ಕ ಕರಾವಳೀನ ಇಲ್ಲ, ಅದಕ್ಕ ತಾಂಜಾನಿಯಾದ ಟಾಂಗಾ ಬಂದರಿನ ತನಕ 1,443 ಕಿಲೋಮೀಟರ್ ಪೈಪ್‌ಲೈನ್ ಯೋಜನೆ ಹಾಕ್ಕೊಂಡಾರ, ಆ ಕಚ್ಚಾ ಎಣ್ಣ್ಯಾಗ ಮೇಣ ಜಾಸ್ತಿ, ನಮ್ಮ ಮನ್ಯಾಗ ಡಿಸೆಂಬರ್ ಮುಂಜಾನೆ ತುಪ್ಪದ ಡಬ್ಬ್ಯಾಗ ಚಮಚ ಹಾಕಿದ್ರ ಚಮಚಾನ ಬಗ್ಗತದಲ್ರಿ, ಹಂಗ ಅದೂ ಗಟ್ಟ್ಯಾಗತದ, ಅದಕ್ಕ ದಾರಿಯುದ್ದಕ್ಕೂ ಕರೆಂಟ್ ಕೊಟ್ಟು ಸುಮಾರು 50 ಡಿಗ್ರಿ ಬಿಸಿ ಇಡಬೇಕು. ನಮ್ಮ ರಾಜಸ್ಥಾನದ ಬಾರ್ಮೇರ್ ಎಣ್ಣೀದೂ ಇದ ಕಥಿ, ಗುಜರಾತಿಗೆ ಬಿಸಿ ಪೈಪ್‌ನಾಗ ಹೋಗತದ.

ದಕ್ಷಿಣ ಸುಡಾನ್ ಪಾಡಂತೂ ಕೇಳಬ್ಯಾಡ್ರಿ. 2011ರಾಗ ಸುಡಾನಿನಿಂದ ಬ್ಯಾರೆ ಆತು, ಬಾವಿ ಬಹಳಷ್ಟು ಇವರ ಪಾಲಿಗೆ, ಪೈಪು ಬಂದರು ಸುಡಾನಿನವರ ಕೈಯಾಗ, ಅಣ್ಣತಮ್ಮರು ಪಾಲಾದ ಮ್ಯಾಲೆ ಹೊಲ ಒಬ್ಬಂದು ಚಕ್ಕಡಿ ದಾರಿ ಇನ್ನೊಬ್ಬಂದು ಅನ್ನಂಗ. 2012ರಾಗ ಸಾಗಾಟದ ಫೀ ಜಗಳಕ್ಕ ದಕ್ಷಿಣದವರು ತಾವ ಬಾವಿ ಬಂದ್ ಮಾಡಿ ಕುಂತ್ರು, ಸರ್ಕಾರದ ಆದಾಯ ಹೆಚ್ಚೂಕಡಿಮಿ ಎಲ್ಲಾ ಅದ್ರಾಗಿಂದ ಅಂತ ಗೊತ್ತಿದ್ರೂ. ಕೆನಡಾದವರು ಮಾತ್ರ ಎಡ್ಮಂಟನ್‌ದಿಂದ ಪೆಸಿಫಿಕ್ ದಂಡಿಗೆ ಎರಡನೇ ಪೈಪ್ ಎಳದು 2024ರ ಮೇದಾಗ ಚಾಲೂ ಮಾಡಿದ್ರು, ಎಣ್ಣಿ ಮಾರಾಕ ಅಮೆರಿಕ ಒಂದನ್ನ ನಂಬಿ ಕೂಡಬಾರದಂತ.

ನಮಗೇನು, ಸವದತ್ತಿ ಕಡಿಂದ ಮಲಪ್ರಭಾ ನೀರು ನಮ್ಮ ಓಣಿಗೆ ಬರಾಕ ವಾರ ಕಾಯಬೇಕು, ಅದೂ ರಾತ್ರಿ ಎರಡಕ್ಕ. ಇರ್ಲಿ ಬಿಡ್ರಿ. ಮುಂದಿನ ಸಲ ರೇಟ್ ಸುದ್ದಿ ಹಾಕುವಾಗ ಬಾಜೂಕ ಇಂಥ ಪೈಪ್‌ಲೈನ್‌ಗಳ ಒಂದು ನಕ್ಷೆನೂ ಹಾಕ್ರಿ.

ನಿಮ್ಮ ಓದುಗ, ಹಳೇ ಹುಬ್ಬಳ್ಳಿ